ಬರಗಾಲದ ಪರಿಹಾರಧನ : ರೈತನ ಹಕ್ಕೋ, ಸರಕಾರದ ದಯೆಯೋ?

(ಶಿಕ್ಷಕರ ಹಾಗೂ ನಾಗರಿಕರ ಕೂಟವೊಂದರಲ್ಲಿ ಮಾಡಿದ ಭಾಷಣ)



ಈಗ ವಿಜಯಪುರವೆಂದು ಬರೆಯಲ್ಪಡುವ ನಮ್ಮ ವಿಜಾಪುರ ಜಿಲ್ಲೆಗೆ ಬರಗಾಲವು ಹೊಸ ಅತಿಥಿಯಲ್ಲ. ಡೋಣಿ ಹರಿದರೆ ಓಣಿಯೆಲ್ಲ ಜೋಳವೆಂಬ ಮಾತು ಎಷ್ಟು ನಿಜವೋ, ಡೋಣಿ ಹರಿಯದ ವರ್ಷಗಳೇ ಹೆಚ್ಚೆಂಬುದೂ ಅಷ್ಟೇ ನಿಜ. ಬರಗಾಲದ ದುಃಖವನ್ನು ಬಣ್ಣಿಸುವದಕ್ಕಾಗಿ ನಾವು ಇಂದು ತಮ್ಮ ಮುಂದೆ ನಿಂತಿಲ್ಲ. ಅದನ್ನು ಕಣ್ಣಾರೆ ಕಂಡವರಿಗೆ ಬಣ್ಣನೆ ಬೇಕಿಲ್ಲ. ಕಾಣದವರಿಗೆ ಬಣ್ಣನೆಯಿಂದ ತಿಳಿಯುವದಿಲ್ಲ. ಬೆಳೆ ಹೋದ ಮೇಲೆ ಸರಕಾರದಿಂದ ರೈತನಿಗೆ ಬರುವ ಹಣವಿದೆಯಲ್ಲ, ಅದು ಎಲ್ಲಿಂದ ಹುಟ್ಟುತ್ತದೆ, ಯಾವ ಲೆಕ್ಕದಿಂದ ಅಳೆಯಲ್ಪಡುತ್ತದೆ, ಯಾವ ಯಾವ ಬಾಗಿಲಲ್ಲಿ ತಡೆದು ನಿಲ್ಲುತ್ತದೆ, ಯಾರ ಕೈಗೆ ಮುಟ್ಟದೆ ಹೋಗುತ್ತದೆ ಎಂಬಿಷ್ಟನ್ನೇ ವಿಚಾರಿಸಬೇಕೆಂದಿದ್ದೇವೆ. ಪೇಟೆಯಲ್ಲಿ ಕುಳಿತು ವರ್ತಮಾನಪತ್ರ ಓದುವ ನಮಗೆ 'ಇಷ್ಟು ಕೋಟಿ ಬಿಡುಗಡೆ' ಎಂಬ ದೊಡ್ಡ ಅಕ್ಷರದ ಸುದ್ದಿ ಕಣ್ಣಿಗೆ ಬೀಳುತ್ತದೆ. ಆ ಕೋಟಿಗಳು ಎಕರೆಗಳಾಗಿ ಗುಂಟೆಗಳಾಗಿ ಒಡೆದು ಹಂಚಿಹೋದಾಗ ಒಬ್ಬನ ಪಾಲಿಗೆ ಏನು ಉಳಿಯಿತೆಂಬುದನ್ನು ಕೇಳುವವರು ಕಡಿಮೆ.

ಮೊದಲು ಹಿಂದಿನ ಕಥೆಯನ್ನು ಸ್ವಲ್ಪ ನೆನೆಯೋಣ. 1876ರಿಂದ 1878ರವರೆಗೆ ದಕ್ಷಿಣ ಹಿಂದುಸ್ತಾನವನ್ನು ಸುಟ್ಟ ಆ ಮಹಾಕ್ಷಾಮದ ಹೊತ್ತಿಗೆ ನಮ್ಮ ಜಿಲ್ಲೆಗೆ ಕಲಾದಗಿ ಜಿಲ್ಲೆಯೆಂದು ಹೆಸರಿತ್ತು. 1872ರ ಖಾನೇಸುಮಾರಿಯಲ್ಲಿ 8 ಲಕ್ಷಕ್ಕೆ ಮಿಕ್ಕಿದ್ದ ಜನಸಂಖ್ಯೆಯು 1881ರಲ್ಲಿ 6 ಲಕ್ಷ 40 ಸಾವಿರದ ಒಳಕ್ಕಿಳಿಯಿತು. ನೆರೆಯ ಮೈಸೂರು ಸೀಮೆಯಲ್ಲಿ 1871ರಲ್ಲಿ 50 ಲಕ್ಷಕ್ಕೆ ಮೇಲಿದ್ದ ಜನರು 1881ಕ್ಕೆ ಸುಮಾರು 42 ಲಕ್ಷವಾದರು. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂಬುದು ಆ ಅಂಕಿಗಳಲ್ಲಿ ಬೆರೆತುಹೋಗಿದೆ. ಆಗ ಸರಕಾರವು ಕೊಟ್ಟ ಪರಿಹಾರವೆಂದರೆ ಕಲ್ಲೊಡೆಯುವ, ಕೆರೆ ತೋಡುವ ಕಾಮಗಾರಿ. ಹಿಂದುಸ್ತಾನ ಸರಕಾರವು 1877ರಲ್ಲಿ ಕಳುಹಿಸಿದ ಸರ್ ರಿಚರ್ಡ್ ಟೆಂಪಲ್ ಸಾಹೇಬರು ಪ್ರಾಯದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಒಂದು ಆಣೆ ಸಾಕೆಂದು ಗೊತ್ತುಮಾಡಿದರು. ಬಿಸಿಲಲ್ಲಿ ದಿನವಿಡೀ ದುಡಿಯುವವನ ದೇಹಕ್ಕೆ ಅಷ್ಟು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಅವರು ವಾದಿಸಿದರು. ಮುಂಬಯಿ ಇಲಾಖೆಯಲ್ಲಿ ಹಸಿದ ಕೂಲಿಯವರೇ ಆ ಕಾಮಗಾರಿಗಳನ್ನು ಬಿಟ್ಟು ನಡೆದರು. ಪುಣೆಯ ಸಾರ್ವಜನಿಕ ಸಭೆಯವರು ಈ ವಿಷಯವಾಗಿ ಸರಕಾರಕ್ಕೆ ಬರಹಗಳನ್ನು ಕಳಿಸಿದರು. ಅಂದರೆ, ಹಸಿದವನಿಗೆ ಎಷ್ಟು ಕೊಡತಕ್ಕದ್ದೆಂಬ ವಾದಕ್ಕೆ ನಮ್ಮಲ್ಲಿ ಒಂದೂವರೆ ಶತಮಾನದ ವಯಸ್ಸಾಯಿತು.

ಕ್ಷಾಮವು ಕಳೆದ ಮೇಲೆ ಕಮಿಶನ್ನು ಬಂದಿತು. 1880ರಲ್ಲಿ ಅದರ ವರದಿಯಾಯಿತು. ಕ್ಷಾಮಸಂಹಿತೆಯೆಂಬ ಕಟ್ಟಳೆಗಳು ಹುಟ್ಟಿದವು. 1883ರ ಭೂಮಿ ಸುಧಾರಣೆಯ ಸಾಲದ ಕಾಯಿದೆ, 1884ರ ರೈತರ ಸಾಲದ ಕಾಯಿದೆ ಇವೆರಡರಿಂದ ತಗಾವಿ ಕೊಡುವ ಪದ್ಧತಿಗೆ ಗಟ್ಟಿಯಾದ ರೂಪ ಬಂದಿತು. ಈ ತಗಾವಿಯ ಹೆಸರು ನಮ್ಮ ಅಜ್ಜಂದಿರ ಬಾಯಲ್ಲಿ ಎಷ್ಟು ಸಲ ಬರುತ್ತಿತ್ತೋ! ಬೀಜಕ್ಕೆ, ಎತ್ತಿಗೆ, ಬಾವಿಗೆ ಸರಕಾರವು ಹಣ ಕೊಡುವದು; ಮುಂದೆ ಕಂತುಗಳಲ್ಲಿ ಕಂದಾಯದ ಬಾಕಿಯನ್ನು ಎಳೆಯುವ ರೀತಿಯಲ್ಲಿಯೇ ಬಡ್ಡಿಸಹಿತ ಎಳೆದುಕೊಳ್ಳುವದು. ಒಂದು ಬರಗಾಲದ ತಗಾವಿ ತೀರುವದರೊಳಗೆ ಇನ್ನೊಂದು ಬರಗಾಲ ಬಂದೇ ಬರುತ್ತಿತ್ತು. ಹೀಗಾಗಿ ಪರಿಹಾರವೆಂದು ಬಂದದ್ದು ಕೂಡ ರೈತನ ಸಾಲದ ಗಂಟಿನಲ್ಲಿಯೇ ಒಂದಾಗಿ ಕೂಡಿತು.

ಎರಡನೆಯ ಉಪಾಯವು ಕಂದಾಯವನ್ನು ಮುಂದೂಡುವದು. ಬೆಳೆಯನ್ನು ಆಣೆವಾರಿಯಿಂದ ಅಳೆಯುತ್ತಿದ್ದರು. ಪೂರ್ಣ ಬೆಳೆಗೆ ಹದಿನಾರು ಆಣೆ. ಮುಂಬಯಿ ಇಲಾಖೆಯ ಕಟ್ಟಳೆಯಂತೆ ಬೆಳೆಯು ನಾಲ್ಕಾಣೆಗೆ ಅಥವಾ ಅದಕ್ಕೂ ಕೆಳಗೆ ಇಳಿದರೆ ಆ ವರ್ಷದ ಕಂದಾಯವನ್ನು ಪೂರ್ತಿ ಮುಂದೂಡಬೇಕೆಂದು ರೈತನು ಕೇಳಬಹುದಾಗಿತ್ತು. 1918ರಲ್ಲಿ ಗುಜರಾಥದ ಖೇಡಾ ಜಿಲ್ಲೆಯಲ್ಲಿ ಮಹಾತ್ಮಾ ಗಾಂಧಿಯವರೂ ವಲ್ಲಭಭಾಯಿಯವರೂ ನಡೆಯಿಸಿದ ಸತ್ಯಾಗ್ರಹದ ತಿರುಳೇ ಈ ನಾಲ್ಕಾಣೆ. ಬೆಳೆ ನಾಲ್ಕಾಣೆಯ ಒಳಗಿದೆಯೆಂದು ರೈತರು ಹೇಳಿದರು. ಇಲ್ಲ, ಮೇಲಿದೆಯೆಂದು ಅಧಿಕಾರಿಗಳು ಹೇಳಿದರು. ಬರಿಯ ಒಂದು ಅಂಕಿಯು ಎಷ್ಟು ಮನೆಗಳ ಒಲೆಯನ್ನು ನಿರ್ಣಯಿಸುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಮತ್ತು ಒಂದು ಮಾತನ್ನು ಇಲ್ಲಿ ಗಮನಿಸಬೇಕು: ಹನ್ನೆರಡು ಆಣೆ ಬೆಳೆ ಹೋದ ಮೇಲೆಯೂ ಅಂದು ದೊರೆಯುತ್ತಿದ್ದುದು ಹಣವಲ್ಲ, ಕೊಡತಕ್ಕ ಹಣಕ್ಕೆ ಒಂದು ವರ್ಷದ ಅವಧಿ ಮಾತ್ರ.

ಆ ಕಾಲದಲ್ಲಿ ನಮ್ಮ ನಾಡು ಹರಿದು ಹಂಚಿಹೋಗಿದ್ದುದೂ ಈ ವಿಷಯಕ್ಕೆ ಹೊರತಾದುದಲ್ಲ. ಭೀಮಾನದಿಯ ತೆಂಕಣ ದಂಡೆಯ ಇಂಡಿ, ಸಿಂದಗಿ ತಾಲೂಕುಗಳು ಮುಂಬಯಿಯ ಆಳಿಕೆಗೆ. ಬಡಗಣ ದಂಡೆಯ ಅಫಜಲಪುರ ನಿಜಾಮರ ಆಳಿಕೆಗೆ. ಮಳೆಯಿಲ್ಲದೆ ಎರಡೂ ದಂಡೆಗಳ ಎರೆಹೊಲ ಒಂದೇ ರೀತಿ ಬಿರಿಯುತ್ತಿತ್ತು. ಆದರೆ ಅರ್ಜಿ ಒಂದು ಮುಂಬಯಿಗೆ ಹೋಗಬೇಕು, ಒಂದು ಹೈದರಾಬಾದಿಗೆ. ಒಂದು ಕಡೆಯ ಕಾಗದ ಮರಾಠಿ-ಇಂಗ್ಲಿಷುಗಳಲ್ಲಿ, ಇನ್ನೊಂದು ಕಡೆಯದು ಉರ್ದುವಿನಲ್ಲಿ. ಬಳ್ಳಾರಿಯವರು ಮದರಾಸಿನ ಕಡೆಗೆ ಕೈಮುಗಿಯಬೇಕಾಗಿತ್ತು. 1956ರ ನವೆಂಬರ 1ಕ್ಕೆ ಕನ್ನಡ ಪ್ರಾಂತವು ಒಂದಾದುದರಿಂದ ದೊರೆತ ಲಾಭಗಳಲ್ಲಿ, ಬೆಳೆ ಕಳೆದುಕೊಂಡ ರೈತನ ಅರ್ಜಿಯು ಒಂದೇ ರಾಜಧಾನಿಗೆ, ಅವನದೇ ಭಾಷೆಯಲ್ಲಿ ಹೋಗುವಂತಾದುದೂ ಒಂದು. ಮೆರವಣಿಗೆಯ ದಿನ ಇದನ್ನು ಯಾರೂ ಹೇಳುವದಿಲ್ಲ. ನಮಗೆ ಮಾತ್ರ ಇದು ಚಿಕ್ಕದೆಂದು ಅನಿಸುವದಿಲ್ಲ.

ಇನ್ನು ಈಗಿನ ವ್ಯವಸ್ಥೆ. 2005ರ ವಿಪತ್ತು ನಿರ್ವಹಣೆಯ ಕಾಯಿದೆಯು ರಾಷ್ಟ್ರಕ್ಕೊಂದು, ರಾಜ್ಯಕ್ಕೊಂದು ಎಂದು ಎರಡು ನಿಧಿಗಳನ್ನು ನಿರ್ಮಿಸಲು ಹೇಳಿತು. ರಾಜ್ಯದ ನಿಧಿಗೆ ನಮ್ಮಂಥ ರಾಜ್ಯಗಳಲ್ಲಿ ನೂರಕ್ಕೆ 75 ಪಾಲನ್ನು ಕೇಂದ್ರವೂ 25 ಪಾಲನ್ನು ರಾಜ್ಯವೂ ಹಾಕಬೇಕೆಂದು ಹದಿನೈದನೆಯ ಹಣಕಾಸು ಆಯೋಗವು ಗೊತ್ತುಮಾಡಿತು. ವಿಪತ್ತು ಬಹಳ ದೊಡ್ಡದಾಗಿ ರಾಜ್ಯದ ನಿಧಿ ಸಾಲದಾದಾಗ ರಾಷ್ಟ್ರದ ನಿಧಿಯಿಂದ ಕೇಳತಕ್ಕದ್ದು. ಕೇಳಿದ ಮೇಲೆ ದಿಲ್ಲಿಯಿಂದ ಬೇರೆ ಬೇರೆ ಮಂತ್ರಾಲಯಗಳ ಅಧಿಕಾರಿಗಳ ತಂಡವು ಬಂದು ನೋಡುವದು. ಅದರ ವರದಿಯು ಒಂದು ಉಪಸಮಿತಿಗೆ, ಅಲ್ಲಿಂದ ಉನ್ನತ ಸಮಿತಿಗೆ ಹೋಗುವದು. ಅಲ್ಲಿ ಮಂಜೂರಾದಷ್ಟು ಇತ್ತ ಬರುವದು.

ಬೆಳೆ ಹೋದವನಿಗೆ ಕೊಡುವ ಹಣಕ್ಕೆ ಸರಕಾರಿ ಕಾಗದಗಳಲ್ಲಿ ಇನ್‌ಪುಟ್ ಸಬ್ಸಿಡಿ ಎಂದು ಹೆಸರು. ಈ ಹೆಸರಿನಲ್ಲಿಯೇ ಅದರ ಮಿತಿಯೂ ಅಡಗಿದೆ. ಅದು ಹೋದ ಬೆಳೆಯ ಬೆಲೆಯಲ್ಲ. ಮುಂದಿನ ಬಿತ್ತನೆಗೆ ಬೀಜ-ಗೊಬ್ಬರದ ಖರ್ಚಿಗೆ ಕೊಟ್ಟ ಒತ್ತಾಸೆ. 2022ರಿಂದ 2026ರ ಮಾರ್ಚಿನವರೆಗಿನ ಅವಧಿಗೆಂದು ಗೊತ್ತಾದ ದರಗಳನ್ನು ನೋಡಿರಿ: ಮಳೆಯನ್ನೇ ನಂಬಿದ ಒಣ ಬೇಸಾಯಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಬೆಳೆಯು ನೂರಕ್ಕೆ 33 ಪಾಲು ಅಥವಾ ಮೇಲೆ ಹಾನಿಯಾಗಿರಬೇಕು. ಎಷ್ಟೇ ಹೊಲವಿರಲಿ, ಒಬ್ಬ ರೈತನಿಗೆ ಎರಡು ಹೆಕ್ಟೇರಿನ ಮೇಲೆ ಲೆಕ್ಕವಿಲ್ಲ. 2015ರವರೆಗೆ ನೂರಕ್ಕೆ 50 ಪಾಲು ಹೋಗಿದ್ದರೆ ಮಾತ್ರ ಕೊಡುತ್ತಿದ್ದರು; ಆ ವರ್ಷ ಅದನ್ನು 33ಕ್ಕಿಳಿಸಿದರು. ಹಳೆಯ ಆಣೆವಾರಿಯ ಭಾಷೆಯಲ್ಲಿ ಹೇಳುವದಾದರೆ, ಅಂದು ಹನ್ನೆರಡು ಆಣೆ ಹೋದಾಗ ಕಂದಾಯ ಮುಂದಕ್ಕೆ ಹೋಗುತ್ತಿತ್ತು. ಇಂದು ಐದೂಕಾಲು ಆಣೆ ಹೋದರೆ ತಿರುಗಿ ಕೊಡಬೇಕಿಲ್ಲದ ಹಣ ಕೈಗೆ ಬರಬೇಕು. ಈ ಮುನ್ನಡೆಯನ್ನು ಅಲ್ಲಗಳೆಯುವವರು ನಾವಲ್ಲ.

ಆದರೆ ಶಿಕ್ಷಕರು ಕೂಡಿದ ಸಭೆಯಲ್ಲಿ ಗಣಿತಕ್ಕೆ ಹೆದರಬಾರದಷ್ಟೆ. ಒಂದು ಹೆಕ್ಟೇರೆಂದರೆ ಸುಮಾರು 2 ಎಕರೆ 19 ಗುಂಟೆ. 8,500ನ್ನು ಎಕರೆಗೆ ಇಳಿಸಿದರೆ ಸುಮಾರು 3,440 ರೂಪಾಯಿ. ಗುಂಟೆಗೆ 86 ರೂಪಾಯಿ. ಎರಡು ಎಕರೆ ಎರೆಯಲ್ಲಿ ತೊಗರಿ ಬಿತ್ತಿ ಕಳೆದುಕೊಂಡವನಿಗೆ 6,880 ರೂಪಾಯಿ ಬಂದೀತು. ಎಂಟೆಕರೆಯವನಿಗೆ ಎರಡು ಹೆಕ್ಟೇರಿನ ಗೆರೆ ಎಳೆದಿರುವದರಿಂದ 17,000ಕ್ಕೆ ಮುಗಿಯಿತು; ಉಳಿದ ಮೂರೆಕರೆಯ ಮೇಲೆ ಮಳೆಯು ಮುನಿದದ್ದನ್ನು ಸರಕಾರವು ಕಾಣಲಿಲ್ಲವೆಂದೇ ಅರ್ಥ. ನೆಲ ಹರಗುವದು, ಕೂರಿಗೆ ಹೂಡುವದು, ಬೀಜ, ಗೊಬ್ಬರ, ಎಡೆ ಹೊಡೆಯುವದು, ಕಳೆ ತೆಗೆಯುವ ಹೆಣ್ಣಾಳಿನ ಕೂಲಿ, ಟ್ರ್ಯಾಕ್ಟರದ ಬಾಡಿಗೆ, ಔಷಧ ಇವುಗಳಲ್ಲಿ ಎಕರೆಗೆ 3,440 ರೂಪಾಯಿ ಎಲ್ಲಿಯವರೆಗೆ ಬಂದು ನಿಲ್ಲುತ್ತದೆಂಬುದನ್ನು ಒಕ್ಕಲುತನದ ಮನೆಯಿಂದ ಬಂದ ಶಿಕ್ಷಕರು ನಮಗಿಂತ ಚೆನ್ನಾಗಿ ಬಲ್ಲರು. ಎರೆಭೂಮಿಯಲ್ಲಿ ಬಿಳಿಜೋಳ ಬರಲಿಲ್ಲವೆಂದರೆ ಕಾಳು ಹೋಯಿತೆಂದಷ್ಟೇ ಅಲ್ಲ, ಕಣಿಕೆಯೂ ಹೋಯಿತು. ಕಣಿಕೆ ಹೋದರೆ ಎತ್ತು ಸಂತೆಗೆ ಹೋದವು. ಆ ಹಾನಿಗೆ ಈ ದರಪಟ್ಟಿಯಲ್ಲಿ ಹೆಕ್ಟೇರಿನ ಲೆಕ್ಕವಿಲ್ಲ. ದನಗಳ ಮೇವಿಗೆ ಬೇರೆ ತಲೆಬರಹವುಂಟು. ಅದು ಮೇವಿನ ಬ್ಯಾಂಕು, ಗೋಶಾಲೆಗಳ ಮೂಲಕ ನಡೆಯತಕ್ಕದ್ದು.

ಇತ್ತೀಚಿನ ಬರಗಾಲವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 2023ರಲ್ಲಿ ಜೂನಿನ ಮಳೆ ಅರ್ಧಕ್ಕಿಂತ ಕಡಿಮೆಯಾಯಿತು. ಜುಲೈಯಲ್ಲಿ ಸುರಿದ ಮಳೆಗೆ ನಂಬಿ ಜನರು ಬಿತ್ತಿದರು. ಆಶ್ಲೇಷ, ಮಘಾ ಮಳೆಗಳು ಕೈಬಿಟ್ಟವು. 1901ರಿಂದ ಈಚೆಗೆ ಇಡೀ ದೇಶವೇ ಅಂಥ ಒಣ ಆಗಸ್ಟನ್ನು ಕಂಡಿರಲಿಲ್ಲ. ನಮ್ಮ ರಾಜ್ಯದಲ್ಲಿ ಆ ತಿಂಗಳ ಮಳೆಯ ಕೊರತೆಯು ನೂರಕ್ಕೆ 70ನ್ನು ಮೀರಿತು. ಸಪ್ಟಂಬರ 13ಕ್ಕೆ ರಾಜ್ಯ ಸರಕಾರವು 195 ತಾಲೂಕುಗಳನ್ನು ಬರಪೀಡಿತವೆಂದು ಸಾರಿತು. ಮುಂದೆ ಆ ಸಂಖ್ಯೆ 236 ತಾಲೂಕುಗಳಲ್ಲಿ 223ಕ್ಕೇರಿತು. ಬೆಳೆಹಾನಿಯಾದ ಭೂಮಿ 48 ಲಕ್ಷ ಹೆಕ್ಟೇರೆಂದು ಲೆಕ್ಕ ಹಾಕಿದರು. ಬರವೆಂದು ಸಾರುವ ಮೊದಲು ಮಳೆಯ ಕೊರತೆ, ಬಿತ್ತನೆಯ ಕ್ಷೇತ್ರ, ನೆಲದ ತೇವ, ಉಪಗ್ರಹದಿಂದ ಕಾಣುವ ಹಸಿರು ಇವನ್ನೆಲ್ಲ ತೂಗಿ, ಆ ಮೇಲೆ ನೂರರಲ್ಲಿ ಹತ್ತು ಹಳ್ಳಿಗಳನ್ನು ಆರಿಸಿ ಹೊಲಕ್ಕೆ ಕಾಲಿಟ್ಟು ನೋಡಬೇಕೆಂದು ಕೇಂದ್ರದ ಕೈಪಿಡಿಯಲ್ಲಿ ಬರೆದಿದೆ. ಕ್ರಮವೇನೋ ಸರಿಯಾದುದೇ.

ಅಕ್ಟೋಬರದಲ್ಲಿ ಕೇಂದ್ರದ ತಂಡವು ಬಂದು ನೋಡಿ ಹೋಯಿತು. ರಾಜ್ಯವು ಕೇಳಿದ ಮೊತ್ತವು 18,171 ಕೋಟಿ ರೂಪಾಯಿ. ಇದರಲ್ಲಿ ಬೆಳೆಹಾನಿಯ ಸಹಾಯಕ್ಕೆ 4,663 ಕೋಟಿ. ಜೀವನೋಪಾಯ ಕಳೆದುಕೊಂಡ ಕುಟುಂಬಗಳ ನಿರ್ವಾಹಕ್ಕೆ 12,577 ಕೋಟಿ. ಉಳಿದುದು ಕುಡಿಯುವ ನೀರಿಗೂ ದನಗಳಿಗೂ. ನವೆಂಬರ ಹೋಯಿತು, ದಶಂಬರ ಹೋಯಿತು. 2024ರ ಜನವರಿಯಲ್ಲಿ ರಾಜ್ಯವು ತನ್ನ ಕೈಯಿಂದ ಮೊದಲ ಕಂತೆಂದು ಮೂವತ್ತು ಲಕ್ಷಕ್ಕೂ ಮಿಕ್ಕ ರೈತರಿಗೆ ತಲಾ 2,000 ರೂಪಾಯಿಯವರೆಗೆ ಕೊಟ್ಟಿತು. ಮಾರ್ಚಿನಲ್ಲಿ ರಾಜ್ಯ ಸರಕಾರವು ಕೇಂದ್ರದ ಮೇಲೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಅಷ್ಟರಲ್ಲಿ ಲೋಕಸಭೆಯ ಚುನಾವಣೆ ಬಂದು, ಹಣ ಕೊಡಲು ಚುನಾವಣಾ ಆಯೋಗದ ಅಪ್ಪಣೆಯೂ ಬೇಕಾಯಿತು. ಏಪ್ರಿಲ ತಿಂಗಳ ಕೊನೆಗೆ ಕೇಂದ್ರದಿಂದ ಬಂದುದು ಸುಮಾರು 3,454 ಕೋಟಿ, ಅಂದರೆ ಕೇಳಿದ್ದರಲ್ಲಿ ನೂರಕ್ಕೆ 19.

ಕೇಳಿದವರು ಹೆಚ್ಚು ಕೇಳಿದರೋ, ಕೊಟ್ಟವರು ಕಡಿಮೆ ಕೊಟ್ಟರೋ ಎಂದು ಪಕ್ಷದವರು ತಮ್ಮ ತಮ್ಮ ವೇದಿಕೆಗಳಲ್ಲಿ ಸಾಕಷ್ಟು ವಾದಿಸಿದ್ದಾರೆ. ಆ ತಕ್ಕಡಿ ನಮಗೆ ಬೇಡ. ನಮ್ಮ ಕಣ್ಣು ಪಂಚಾಂಗದ ಮೇಲಿದೆ. ಬೆಳೆ ಒಣಗಿದ್ದು ಮಘಾ ಮಳೆಯಲ್ಲಿ. ಹಣದ ದೊಡ್ಡ ಪಾಲು ಖಾತೆಗೆ ಬಿದ್ದದ್ದು ಮರುವರ್ಷದ ಮೇ ತಿಂಗಳಲ್ಲಿ, ರೋಹಿಣಿಯ ಬಾಗಿಲಲ್ಲಿ. ನಡುವೆ ಎಂಟು ತಿಂಗಳು. ಹಿಂಗಾರಿಯ ಬೀಜಕ್ಕೆ ಬೇಕಾದಾಗ ಈ ಹಣ ಇರಲಿಲ್ಲ. ಆಗ ರೈತನು ಯಾರ ಅಂಗಡಿಯ ಮುಂದೆ ಕುಳಿತನು, ಯಾವ ಬಡ್ಡಿಗೆ ತಂದನು, ಯಾವ ಕುಟುಂಬಗಳು ಮಕ್ಕಳ ಸಮೇತ ಗೋವೆಗೂ ಮುಂಬಯಿ-ಪುಣೆಗಳಿಗೂ ದುಡಿಯಲು ಹೋದವು, ಶಾಲೆಯ ಹಾಜರಿಪಟದಲ್ಲಿ ಯಾವ ಹೆಸರುಗಳ ಮುಂದೆ ಸಾಲುಗಟ್ಟಿ ಗೈರುಹಾಜರಿ ಬಿದ್ದಿತು, ಇದನ್ನು ತಮಗಿಂತ ಹೆಚ್ಚಾಗಿ ಬಲ್ಲವರು ಯಾರು? ತಡವಾದ ಪರಿಹಾರಕ್ಕೆ ಬಡ್ಡಿಯನ್ನು ಕೊಟ್ಟವನು ರೈತ. ಆ ಬಡ್ಡಿ ಯಾವ ಸರಕಾರದ ಲೆಕ್ಕದಲ್ಲಿಯೂ ಇಲ್ಲ.

ಇನ್ನು, ಬಂದ ಹಣವಾದರೂ ಎಲ್ಲರಿಗೆ ಮುಟ್ಟಿತೇ? ಮಧ್ಯದ ಕೈಗಳು ಕಡಿಮೆಯಾಗಿರುವವೆಂಬುದನ್ನು ಸಂತೋಷದಿಂದ ಒಪ್ಪುತ್ತೇವೆ. 2000ದಲ್ಲಿ ಭೂಮಿ ಯೋಜನೆಯು ಪಹಣಿಗಳನ್ನು ಗಣಕಯಂತ್ರಕ್ಕೆ ತಂದಿತು. ಈಗ ಪ್ರತಿ ಹಂಗಾಮಿಗೆ ಸರ್ವೆ ನಂಬರಿಗೆ ಹೋಗಿ ಮೊಬೈಲಿನಲ್ಲಿ ಬೆಳೆಯ ಚಿತ್ರ ತೆಗೆಯುತ್ತಾರೆ. ರೈತನಿಗೆ ಫ್ರೂಟ್ಸ್ ಎಂಬ ಗುರುತಿನ ಸಂಖ್ಯೆಯುಂಟು. 'ಪರಿಹಾರ' ಎಂಬ ತಂತ್ರಾಂಶವು ಇವೆರಡನ್ನು ಕೂಡಿಸಿ ಆಧಾರ ಜೋಡಿಸಿದ ಬ್ಯಾಂಕಿನ ಖಾತೆಗೆ ನೇರವಾಗಿ ಹಣ ಹಾಕುತ್ತದೆ. ಚಾವಡಿಯಲ್ಲಿ ನೂರಕ್ಕೆ ಹತ್ತು ಕೊಟ್ಟು ಉಳಿದುದನ್ನು ತರುವ ಕಾಲ ಹಿಂದಾಯಿತು. ಆದರೆ ಯಂತ್ರಕ್ಕೆ ಪಹಣಿಯಲ್ಲಿದ್ದವನೇ ರೈತ. ಪಹಣಿಯಲ್ಲಿಲ್ಲದವನು ದುಡಿದರೂ ರೈತನಲ್ಲ. ಪಹಣಿಯಲ್ಲಿದ್ದವನು ಸತ್ತರೂ ರೈತನೇ.

ಇಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ಹೆಣ್ಣುಮಗಳು ನಮ್ಮನ್ನು ಕೇಳಿದ ಪ್ರಶ್ನೆಗೆ ನಾವು ಇನ್ನೂ ಉತ್ತರ ಹುಡುಕುತ್ತಿದ್ದೇವೆ. "ಹೊಲ ನಮ್ಮದ ಐತ್ರಿ, ಉತಾರದಾಗ ಹೆಸರು ಮಾವಂದೈತಿ. ಮಾವ ತೀರಿ ಹನ್ನೊಂದು ವರ್ಷ ಆತು, ಮನಿಯವ್ರು ತೀರಿ ಮೂರು ವರ್ಷ. ಬಿತ್ತಿದಾಕಿ ನಾ. ಸತ್ತವರ ಹೆಸರಿಗೆ ರೊಕ್ಕ ಹೆಂಗ ಬರತೈತ್ರಿ, ಇದ್ದಾಕಿಗೆ ಯಾಕ ಬರಂಗಿಲ್ರಿ?" ಎಂದಳು. ಮೂರೆಕರೆ ಹೊಲ. ಮೈದುನರು ಇಬ್ಬರು, ಒಬ್ಬನು ಸೊಲ್ಲಾಪುರದಲ್ಲಿ. ಪೌತಿ ಖಾತೆಯಾಗಬೇಕಾದರೆ ಮರಣದ ದಾಖಲೆ, ವಂಶಾವಳಿ, ಎಲ್ಲರ ಒಪ್ಪಿಗೆ. ಒಪ್ಪಿಗೆಗೆ ವಾಟ್ನಿಯ ಜಗಳ ಅಡ್ಡ. ಇಷ್ಟೆಲ್ಲ ಮುಗಿಯುವವರೆಗೆ ಅವಳ ಒಣಗಿದ ತೊಗರಿಯು ಸರಕಾರದ ಕಣ್ಣಿಗೆ ಒಣಗಿಲ್ಲ. ಇಂಥ ಖಾತೆಗಳು ಊರಿಗೆ ಒಂದೆರಡಲ್ಲ. ಸರಕಾರವೂ ಇದನ್ನರಿತು 2025ರಲ್ಲಿ ಪೌತಿ ಖಾತೆಗಳ ಆಂದೋಲನವನ್ನು ಕೈಕೊಂಡಿದೆ. ಅದು ಕಚೇರಿಯ ಗೋಡೆಯ ಜಾಹೀರಾತಿನಲ್ಲಿ ಉಳಿಯದೆ ಅವಳ ಮನೆಯ ಕಟ್ಟೆಗೆ ಬರಬೇಕಾಗಿದೆ.

ಎರಡನೆಯವನು ಲಾವಣಿಯ ರೈತ. 1974ರ ಮಾರ್ಚ 1ರಿಂದ ಜಾರಿಗೆ ಬಂದ ಭೂಸುಧಾರಣೆಯು ಉಳುವವನಿಗೆ ಭೂಮಿಯನ್ನು ಕೊಟ್ಟು ಗೇಣಿಯನ್ನು ನಿಷೇಧಿಸಿತು. ಅದು ಮಹತ್ತಾದ ಕಾರ್ಯ. ಆ ವಿಷಯದಲ್ಲಿ ನಮಗೆ ಸಂದೇಹವಿಲ್ಲ. ಆದರೆ ಕಾಗದದಲ್ಲಿ ಗೇಣಿಯಿಲ್ಲವಾದುದರಿಂದ ಹೊಲದಲ್ಲಿಯೂ ಇಲ್ಲವಾಯಿತೆಂದು ತಿಳಿಯುವದು ಕಣ್ಣು ಮುಚ್ಚಿಕೊಂಡಂತೆ. ಪೇಟೆಯಲ್ಲಿ ನೌಕರಿ ಮಾಡುವವರ ಹೊಲಗಳನ್ನು ಲಾವಣಿಗೆ, ಪಾಲಿಗೆ ಮಾಡುವವರು ಪ್ರತಿ ಊರಲ್ಲಿಯೂ ಇದ್ದಾರೆ. ಈ ಸಭೆಯಲ್ಲಿ ಕುಳಿತವರಲ್ಲಿಯೂ ಹೊಲವನ್ನು ಹಾಗೆ ಕೊಟ್ಟವರು ಇಲ್ಲದಿರಲಾರರು, ಅನುಮತಿಯಿರಲಿ, ಹೇಳಿಬಿಡುತ್ತೇವೆ. ಬೀಜ ಅವನದು, ಬೆವರು ಅವನದು, ಲಾವಣಿಯ ಹಣವನ್ನು ಮೊದಲೇ ಎಣಿಸಿಕೊಟ್ಟವನೂ ಅವನೇ. ಬೆಳೆ ಹೋದಾಗ ಪರಿಹಾರದ ಹಣವು ಪಹಣಿಯಲ್ಲಿದ್ದ ನಮ್ಮ ಖಾತೆಗೆ ಬೀಳುತ್ತದೆ. ಮೊಬೈಲಿನಲ್ಲಿ ಸಂದೇಶ ಬಂದಾಗ ನಾವು ಅದನ್ನು ಅವನಿಗೆ ತೋರಿಸುತ್ತೇವೆಯೇ? ಕಾಯಿದೆ ತಿದ್ದುವದು ವಿಧಾನಸಭೆಯ ಕೆಲಸ. ಈ ಹಣವನ್ನು ಬಿತ್ತಿದವನಿಗೆ ದಾಟಿಸುವದಕ್ಕೆ ಯಾವ ವಿಧಾನಸಭೆಯೂ ಬೇಕಿಲ್ಲ.

ಮೂರನೆಯವನಿಗೆ ಹೊಲವೇ ಇಲ್ಲ. ಕಳೆ ತೆಗೆಯುವವಳು, ರಾಶಿ ಮಾಡುವವನು, ಇವರ ಕೂಲಿ ಬೆಳೆಯೊಂದಿಗೇ ಒಣಗುತ್ತದೆ. 2005ರ ಉದ್ಯೋಗ ಖಾತ್ರಿಯ ಕಾಯಿದೆಯಲ್ಲಿ 100 ದಿನಗಳ ಕೆಲಸವೂ ಬರ ಬಿದ್ದಲ್ಲಿ ಮೇಲೆ 50 ದಿನಗಳೂ ಇದ್ದವು; 2023ರಲ್ಲಿ ಆ ಹೆಚ್ಚಿನ ದಿನಗಳಿಗಾಗಿ ರಾಜ್ಯವು ಕೇಂದ್ರವನ್ನು ಕೇಳಿಕೊಳ್ಳಬೇಕಾಯಿತು. 18,171 ಕೋಟಿಯಲ್ಲಿ ಅತಿ ದೊಡ್ಡ ಪಾಲನ್ನು ರಾಜ್ಯವು ಕೇಳಿದ್ದು ಜೀವನೋಪಾಯ ಕಳೆದುಕೊಂಡ ಕುಟುಂಬಗಳ ನಿರ್ವಾಹಕ್ಕಾಗಿಯೇ ಎಂಬುದನ್ನು ಪತ್ರಿಕೆಗಳಲ್ಲಿ ಓದಿ ಎಷ್ಟು ಜನರು ಗಮನಿಸಿದರು? ನಾಲ್ಕನೆಯ ಕಾಲವಾಗಿ ಬ್ಯಾಂಕುಗಳ ಮಾತು ಬರುತ್ತದೆ. 2024ರ ಮೇ ತಿಂಗಳಲ್ಲಿ ಖಾತೆಗೆ ಬಿದ್ದ ಪರಿಹಾರವನ್ನು ಕೆಲವೆಡೆ ಹಳೆಯ ಸಾಲಕ್ಕೆ ಹಚ್ಚಿಕೊಂಡರೆಂಬ ದೂರುಗಳು ಎದ್ದು, ಹಾಗೆ ಮಾಡಕೂಡದೆಂದು ಅಧಿಕಾರಿಗಳು ತಾಕೀತು ಮಾಡಬೇಕಾಯಿತು. ತಗಾವಿಯ ಭೂತ ಹೀಗೆ ಬೇರೆ ವೇಷದಲ್ಲಿ ಬಂದೇ ಬರುತ್ತದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಬೆಳೆವಿಮೆಯೂ ಪರಿಹಾರವೂ ಒಂದೇ ಎಂದು ಹಳ್ಳಿಗಳಲ್ಲಿ ಅನೇಕರು ತಿಳಿದಿದ್ದಾರೆ. 2016ರ ಮುಂಗಾರಿಯಿಂದ ನಡೆದ ಪ್ರಧಾನಮಂತ್ರಿ ಫಸಲ್ ಬೀಮಾದಲ್ಲಿ ರೈತನು ಮುಂಗಾರಿಯ ಆಹಾರಬೆಳೆಗೆ ವಿಮೆಯ ಮೊತ್ತದ ನೂರಕ್ಕೆ 2, ಹಿಂಗಾರಿಗೆ ಒಂದೂವರೆ ಕಟ್ಟುತ್ತಾನೆ. ಮುಖ್ಯ ಬೆಳೆಗಳಿಗೆ ಗ್ರಾಮಪಂಚಾಯತಿಯೇ ಘಟಕ. ಬೆಳೆ ಕೊಯ್ದು ತೂಗುವ ಪ್ರಯೋಗದಿಂದ ಹಾನಿಯ ನಿರ್ಣಯ. ವಿಮೆ ಮಾಡಿಸಿದವನಿಗೂ ಸರಕಾರದ ಪರಿಹಾರಕ್ಕೆ ಹಕ್ಕುಂಟು, ಮಾಡಿಸದವನಿಗೂ ಉಂಟು. ಇದೊಂದು ಮಾತನ್ನು ಊರಿನ ಕಟ್ಟೆಯ ಮೇಲೆ ಹೇಳಿದರೂ ಉಪಕಾರವಾದೀತು.

ದರವು ಶಿಲಾಶಾಸನವೇನೂ ಅಲ್ಲ. 2021ರ ಅತಿವೃಷ್ಟಿಯ ಬಳಿಕ ರಾಜ್ಯವು ತನ್ನ ಬೊಕ್ಕಸದಿಂದ ಕೂಡಿಸಿ ಒಣ ಬೇಸಾಯದ ದರವನ್ನು ಆಗಿನ 6,800ರಿಂದ 13,600ಕ್ಕೆ ಏರಿಸಿತು. 2025ರ ಸಪ್ಟಂಬರದಲ್ಲಿ ಭೀಮೆ ಉಕ್ಕಿ ಬಂದಳು. ಎರಡು ವರ್ಷ ಮೊದಲು ಬಿಸಿಲಿಗೆ ಸುಟ್ಟಿದ್ದ ತೊಗರಿಯು ಈ ಸಲ ನಿಂತ ನೀರಿನಲ್ಲಿ ಕೊಳೆಯಿತು. ಆಗಲೂ ರಾಜ್ಯವು ಹೆಕ್ಟೇರಿಗೆ 8,500 ಹೆಚ್ಚಿಗೆ ಕೊಡುವೆನೆಂದು ಸಾರಿದ್ದರಿಂದ ಒಣ ಬೇಸಾಯಕ್ಕೆ 17,000 ಆಯಿತು. ನೀರಿನಿಂದ ಕೆಟ್ಟ ಬೆಳೆಗೆ ಕೊಟ್ಟಂತೆ ನೀರಿಲ್ಲದೆ ಕೆಟ್ಟ ಬೆಳೆಗೂ ಕೊಡಬೇಕೆಂದು ಕೇಳುವದರಲ್ಲಿ ತಪ್ಪೇನು? ನೆರೆಯ ಚಿತ್ರವು ಪತ್ರಿಕೆಯಲ್ಲಿ ಚೆನ್ನಾಗಿ ಬರುತ್ತದೆ, ಬರದ ಚಿತ್ರವು ಬರುವದಿಲ್ಲ. ಈ ಕಾರಣದಿಂದ ಇಬ್ಬರ ಪಾಲಿನಲ್ಲಿ ಭೇದವಾಗಬಾರದು.

ಪೇಟೆಯ ಕೆಲವು ಗೆಳೆಯರು, ದುಡಿಯದೆ ಬರುವ ಹಣದಿಂದ ರೈತನು ಸೋಮಾರಿಯಾಗುತ್ತಾನೆಂದೂ ಬಿತ್ತದೆಯೇ ಪರಿಹಾರ ಹೊಡೆಯುವವರಿದ್ದಾರೆಂದೂ ಹೇಳುತ್ತಾರೆ. ಹೊಡೆಯುವವರು ಇದ್ದಾರು, ಪಡಿತರದಲ್ಲಿ ಇಲ್ಲವೇ, ಗುತ್ತಿಗೆಯಲ್ಲಿ ಇಲ್ಲವೇ? ಗುಂಟೆಗೆ 86 ರೂಪಾಯಿಯಿಂದ ಸೋಮಾರಿಯಾಗಬಲ್ಲವನನ್ನು ನಾವಂತೂ ಕಂಡಿಲ್ಲ. ಮೋಸಕ್ಕೆ ಮದ್ದು ಪಟ್ಟಿಯನ್ನು ಊರ ಮುಂದೆ ಓದುವದು. ಪಂಚಾಯತಿಯ ಗೋಡೆಗೆ ಹೆಸರು, ಸರ್ವೆ ನಂಬರು, ಬೆಳೆ, ಹಣ ಇಷ್ಟನ್ನು ಬರೆದು ಹಚ್ಚಿದರೆ ಬಿತ್ತದವನು ಯಾರೆಂಬುದನ್ನು ಊರೇ ಹೇಳುತ್ತದೆ.

ಇಲ್ಲಿಂದ ನಮ್ಮ ನಿಮ್ಮ ಕೆಲಸ. ಬೆಳೆಸಮೀಕ್ಷೆಯ ಕಾಲದಲ್ಲಿ ಹೊಲದಲ್ಲಿ ಹತ್ತಿ ಇದ್ದು ದಾಖಲೆಯಲ್ಲಿ ಸಜ್ಜೆ ಬಿದ್ದರೆ, ಅಥವಾ ಹೊಲ ಬೀಳು ಎಂದು ಬಿದ್ದರೆ, ಮುಂದೆ ಎಷ್ಟು ಅತ್ತರೂ ಪ್ರಯೋಜನವಿಲ್ಲ. ಆಕ್ಷೇಪಣೆಯ ಅವಧಿಯಲ್ಲಿಯೇ ತಿದ್ದಿಸಬೇಕು. ನಾಲ್ಕು ಸರ್ವೆ ನಂಬರುಗಳಲ್ಲಿ ಎರಡು ಮಾತ್ರ ಫ್ರೂಟ್ಸಿಗೆ ಜೋಡಿಸಲ್ಪಟ್ಟಿದ್ದರೆ ಎರಡಕ್ಕೇ ಹಣ ಬರುವದು. ಆಧಾರದಲ್ಲಿ 'ಬಸಪ್ಪ', ಉತಾರದಲ್ಲಿ 'ಬಸವಂತಪ್ಪ' ಎಂದಿದ್ದರೆ ಯಂತ್ರಕ್ಕೆ ಇಬ್ಬರು ಬೇರೆ ಬೇರೆ ಮನುಷ್ಯರು. ಇವನ್ನು ಓದಬಲ್ಲವರು ಹಳ್ಳಿಯಲ್ಲಿ ಯಾರು? ಶಾಲೆಯ ಗುರುಗಳು, ಅವರ ಕೈಯಲ್ಲಿ ಕಲಿತ ಏಳನೆಯ ಇಯತ್ತೆಯ ಹುಡುಗರು. ಹುಡುಗರು ತಮ್ಮ ಮನೆಯ ಉತಾರವನ್ನು ಶಾಲೆಗೆ ತಂದು, ಅದರಲ್ಲಿಯ ಎಕರೆ-ಗುಂಟೆಗಳನ್ನು ಹೆಕ್ಟೇರಿಗೆ ತಿರುಗಿಸುವ ಲೆಕ್ಕವನ್ನು ಒಂದು ದಿನ ಮಾಡಿದರೆ ಪಠ್ಯಕ್ರಮಕ್ಕೆ ಯಾವ ಭಂಗವೂ ಬರಲಾರದು. ಪೇಟೆಯ ವಕೀಲ ಮಿತ್ರರು ವಾರಕ್ಕೊಂದು ಮಧ್ಯಾಹ್ನವನ್ನು ಪೌತಿ ಖಾತೆಯ ಕಾಗದಗಳಿಗಾಗಿ ಕೊಡಬಹುದು. ಇಬ್ಬರು ಈಗಾಗಲೇ ಒಪ್ಪಿದ್ದಾರೆ.

ಉತಾರ, ಆಧಾರ, ಫ್ರೂಟ್ಸ್ ಸಂಖ್ಯೆ, ಬೆಳೆಸಮೀಕ್ಷೆಯ ನಮೂದು, ಬ್ಯಾಂಕಿನ ಖಾತೆ ಈ ಐದನ್ನೂ ಒಂದೇ ಹಾಳೆಯಲ್ಲಿ ಸರಿನೋಡುವಂಥ ಒಂದು ನಮೂನೆಯನ್ನು ಸಿದ್ಧಮಾಡಿ ತಂದಿದ್ದೇವೆ. ಲಾವಣಿಗೆ ಮಾಡುವವರ ಹೆಸರಿಗೂ ಅದರಲ್ಲಿ ಒಂದು ಅಂಕಣವುಂಟು. ಪ್ರತಿ ಶಾಲೆಗೆ ನೂರು ಪ್ರತಿಗಳಂತೆ ಹೊರಗಿನ ಪಡಸಾಲೆಯಲ್ಲಿ ಇಟ್ಟಿದೆ. ರೋಹಿಣಿ ಮಳೆಗಿಂತ ಮುಂಚೆ ತುಂಬಿ ಬಂದವುಗಳನ್ನು ತಹಶೀಲ್ದಾರರ ಕಚೇರಿಗೆ ಒಟ್ಟಿಗೆ ಕೊಂಡುಹೋಗಲು ನಾವು ಸಿದ್ಧರಿದ್ದೇವೆ.